ನೀರೊಳಗಿನ ಮನೆಜಾಗ

ಮಢ್ ಎಂಬ ಮೀನುಗಾರರ ಊರಿನ ಕಡಲದಡದಲ್ಲಿ, ಅಲೆಯಿಂದ ಕರೆಂಟು ತೆಗೆಯಲು ತಂದಿದ್ದ ತೇಲುವ ಯಂತ್ರ ಮಗುಚಿ ಬಿದ್ದಿದೆ. ಬಣ್ಣ ಹಳದಿ. ಇಲ್ಲೇ ನಿಂತು ಬರೆದುಕೊಳ್ಳುತ್ತಿದ್ದೇನೆ. ನಾಳೆ ನೆನಪು ಬೇರೆ ಬಣ್ಣ ಬಳಿದೀತು.

ಉಪ್ಪು ತಿಂದ ಅದರ ಕಬ್ಬಿಣವನ್ನು ವಿಜಯಪುರದ ಮಲ್ಲಪ್ಪ ಗ್ಯಾಸ್ ಕಟರ್‌ನಿಂದ ಕತ್ತರಿಸುತ್ತಿದ್ದ. ಕರೆಂಟು ಬಂತೇ ಎಂದು ಕೇಳಿದೆ.

“ಒಂದ್ ಮಳಿಗಾಲ ತಡೀಲಿಲ್ರೀ ಸಾಹೇಬ್ರ. ಉದ್ಘಾಟನಿ ದಿನ ಲೈಟ್ ಹಚ್ಚಾಕ ಜನರೇಟರ್ ತರಿಸಿದ್ರು.”

ಪಕ್ಕದಲ್ಲಿ, ಇಲ್ಲಿ ‘ಕೋಳಿ’ ಎಂದು ಕರೆಯುವ ಮೀನುಗಾರ ಸಮುದಾಯದ ಹೆಂಗಸು ಹೀರಾಬಾಯಿ ಬೊಂಬಿಲ್ ಮೀನು ಒಣಹಾಕುತ್ತಿದ್ದಳು. ಇಲ್ಲಿ ಸಮುದ್ರದೊಳಗೂ ಪ್ರತಿ ಮನೆಗೆ ಬಲೆ ಕಟ್ಟುವ ಸ್ವಂತ ಜಾಗವಿದೆ. ಖಾಲಿಯಿದ್ದರೂ ಇನ್ನೊಬ್ಬರು ಮುಟ್ಟುವುದಿಲ್ಲ. ಯಂತ್ರವನ್ನು ಹಿಡಿದಿದ್ದ ಕಾಂಕ್ರೀಟ್ ದಿಮ್ಮಿ, ಸರಪಳಿಗಳನ್ನು ಇಳಿಸಿದ್ದು ಇವಳ ಮನೆಯ ಜಾಗದಲ್ಲಿ. ತೇಲುವುದನ್ನು ಎಳೆದು ತಂದರು, ಮುಳುಗಿದ್ದನ್ನು ಬಿಟ್ಟುಹೋದರು. ಈಗ ಅಲ್ಲಿ ಬಲೆ ಹಾಕಿದರೆ ಹರಿಯುತ್ತದೆ.

ಬೇರೆ ಜಾಗದಲ್ಲಿ ಹಾಕಬಾರದೇ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವಳು ಮುಖ ತಿರುಗಿಸಿ ಮರಾಠಿಯಲ್ಲಿ ಏನೋ ಅಂದಳು.

“ಮಂದಿ ಮನ್ಯಾಗ ಹೋಗಿ ಒಲಿ ಹಚ್ತೀಯೇನು ಅಂತಾಳ್ರೀ,” ಎಂದ ಮಲ್ಲಪ್ಪ.

ಹಾಗಾದರೆ ಈ ಮೀನು?

“ಬಾಜೂ ಮನಿಯವ್ರದು. ಒಣಗಿಸೋ ಕೂಲಿ ಅಷ್ಟ ಈಕೀದು.”