ಬಂದು ಹೋಗುವ ಗಾಳಿ

ಚಾಕ್‌ಪೀಸು ಬೋರ್ಡಿನ ಮೇಲೇ ನಿಲ್ಲುತ್ತಿತ್ತು. ಕಿಟಕಿಯಿಂದ ಗಾಳಿ ಬಂದರೆ ಸಾಕು, ನಮ್ಮ ಭೌತಶಾಸ್ತ್ರದ ಸರ್ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ಬೆವೆತ ಕತ್ತನ್ನು ಆ ಕಡೆ ಚಾಚಿ ಕಣ್ಣು ಮುಚ್ಚುತ್ತಿದ್ದರು. ಗಾಳಿ ನಿಂತ ಮೇಲೆ ಬಿಟ್ಟಲ್ಲಿಂದಲೇ ಪಾಠ.

ರಾಯಚೂರಿನ ಬೇಸಿಗೆ. ಫ್ಯಾನು ಜೋರು ಮಾಡಿ ಎಂದು ನಾವು ಕೂಗಿದರೆ ನಗುತ್ತಿದ್ದರು. "ಫ್ಯಾನಿನ ಗಾಳಿ ಒಂದೇ ಸಮ ಬರತದ, ಮೈ ಅದನ್ನ ಮರತಬಿಡತದ. ಹೊರಗಿನದು ಬರತದ, ನಿಲ್ಲತದ, ಮತ್ತ ಬರತದ. ಪ್ರತಿ ಸಲ ಮೈಗೆ ಹೊಸಾದು."

ನಾನು ಅದೇ ಕಾಲೇಜಿಗೆ ಪಾಠ ಮಾಡಲು ಸೇರುವ ಹೊತ್ತಿಗೆ ಅವರು ನಿವೃತ್ತರಾಗಿ ಮಾನ್ವಿಯಲ್ಲಿದ್ದರು. ಅವರ ಹೆಂಡತಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ನೋಡಲು ಹೋದೆ. ಮಗ ಹಾಕಿಸಿದ್ದ ಎಸಿಯ ಕೋಣೆಯಲ್ಲಿ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎಸಿ ಹಾಕಿದರೆ ನಡುಕ, ಬಂದ್ ಮಾಡಿದರೆ ಬೆವರು. ಫ್ಯಾನು ತಿರುಗಿದರೆ ಮುಖಕ್ಕೆ ಸೆರಗು ಎಳೆದುಕೊಳ್ಳುವರಂತೆ. ಊಟವನ್ನೂ ಬಿಡುತ್ತ ಬಂದಿದ್ದರು.

"ಇಷ್ಟು ವರ್ಷ ಪಾಠ ಹೇಳಿದೆ. ಮನ್ಯಾಗಿನ ಒಬ್ಬಾಕಿಗೆ ಏನ್ ಬೇಕಂತ ತಿಳೀವಲ್ದು ನೋಡವ್ವಾ," ಎಂದರು ಸರ್.

ಅಷ್ಟರಲ್ಲಿ ಕರೆಂಟ್ ಹೋಯಿತು. ಕೋಣೆ ಕುದಿಯತೊಡಗಿತು. ಸರ್ ಎದ್ದು ಮಂಚಕ್ಕೆ ಕೈ ಹಾಕಿದರು. "ಪಡಸಾಲಿಗೆ ಒಯ್ಯೋಣ."

"ಹೊರಗ ಧೂಳದ ಅಪ್ಪಾ, ಹೆಚ್ಚುಕಮ್ಮಿ ಆದ್ರ?" ಎಂದು ಮಗ ಅಡ್ಡ ಬಂದ.

ಸರ್ ಮಂಚ ಬಿಡಲಿಲ್ಲ. ಕೊನೆಗೆ ಮಗನೇ ಇನ್ನೊಂದು ಕಡೆ ಎತ್ತಿದ.

ಹೊರಗೆ ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಮಗ ಅಪ್ಪನ ಮುಖ ನೋಡಿದ. ಎಷ್ಟೋ ಹೊತ್ತಿಗೆ ಒಂದು ಸಣ್ಣ ಗಾಳಿ ಬಂದು ಅಮ್ಮನ ಹಣೆಗೂದಲು ಎತ್ತಿ ಹೋಯಿತು. ನಿಂತಿತು. ಮತ್ತೆ ಬಂತು. ಅಮ್ಮ ತಾವೇ ಆ ಕಡೆ ಹೊರಳಿದರು, ತುಟಿ ಅಲುಗಿಸಿದರು. ಸರ್ ಬಾಗಿ ಕಿವಿಯಿಟ್ಟರು.

"ಬಂತು," ಎಂದಿದ್ದರು ಅಮ್ಮ.

ಸರ್ ಅಲ್ಲೇ ನೆಲಕ್ಕೆ ಕೂತು, ಮಗನ ಎದುರೇ ಅತ್ತರು.

ಅಲ್ಲಿಂದ ಮುಂದೆ ಅವರ ಸಂಜೆಗಳೆಲ್ಲ ಪಡಸಾಲೆಯಲ್ಲೇ ಕಳೆದವು. ಅಮ್ಮನಿಗೆ ಪೂರ್ತಿ ಮಾತು ಬರಲಿಲ್ಲ, ಆದರೆ ಊಟ ಸೇರಿತು, ಇನ್ನೂ ಕೆಲವು ಬೇಸಿಗೆ ಬದುಕಿದರು. ಅವರ ಹಿಂದೆಯೇ, ಕಳೆದ ಮಳೆಗಾಲದಲ್ಲಿ, ಸರ್ ಕೂಡ ಹೋದರು.

ಈಗ ದೇವದುರ್ಗದಲ್ಲಿ ನನ್ನವ್ವ ಹಾಸಿಗೆ ಹಿಡಿದಿದ್ದಾಳೆ. ಮೊನ್ನೆ ಸೆಕೆಗೆ ಒದ್ದಾಡುತ್ತಿದ್ದಳು. ಮಂಚವನ್ನು ಅಲ್ಲಿ ಇಲ್ಲಿ ಸರಿಸಿ ನೋಡಿದೆ. ಹಿತ್ತಲ ಬಾಗಿಲ ಬಳಿ ನಿದ್ದೆ ಹೋದಳು. ಸರ್‌ಗೆ ಹೇಳೋಣವೆಂದು ಫೋನ್ ಕೈಗೆತ್ತಿಕೊಂಡೆ. ಆಮೇಲೆ ನೆನಪಾಯಿತು.