ಬಸ್ಸಿನಲ್ಲಿ ತಿರುಗುತ್ತಿದ್ದ ಪ್ರಶ್ನೆ

ಎಂಬತ್ತರ ದಶಕದಲ್ಲಿ ನಮ್ಮದೊಂದು ಕೂಟವಿತ್ತು. ಏಳು ಜನ, ಒಂದು ವಹಿ. ಯಾರಾದರೂ ಅದರಲ್ಲೊಂದು ತತ್ವದ ಪ್ರಶ್ನೆ ಬರೆದು, ಬಟ್ಟೆಯ ಚೀಲದಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಸಂಶಿಯಿಂದ ಅಣ್ಣಿಗೇರಿ, ಅಲ್ಲಿಂದ ನವಲಗುಂದ, ಹೀಗೆ ಊರೂರು ಸುತ್ತಿ ಹದಿನೈದು ದಿನಕ್ಕೆ ತಿರುಗಿ ಬರುತ್ತಿತ್ತು. ಬಹಳ ಮಂದಿಯ ಮುಖ ನಾನು ಕಂಡಿರಲೇ ಇಲ್ಲ, ಅಕ್ಷರದಿಂದಲೇ ಗುರುತು. ಇದ್ದದ್ದು ಒಂದೇ ಕಟ್ಟಳೆ. ಉತ್ತರಿಸುವ ಮೊದಲು, ಕೇಳಿದವರ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಒಮ್ಮೆ ಬರೆಯಬೇಕು. ಅವರು ಹೌದೆಂದ ಮೇಲೆಯೇ ಉತ್ತರ.

ನಾನು ಸಂಶಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಆದ್ದರಿಂದ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಮ್ಮೆ ಬರೆದೆ: "ಪಶ್ಚಾತ್ತಾಪರಹಿತ ಅಪರಾಧಕ್ಕೆ ಕ್ಷಮೆಯು ತಾತ್ವಿಕವಾಗಿ ಸಾಧ್ಯವೇ?" ಎರಡೆರಡು ಸಲ ಓದಿ ಖುಷಿಪಟ್ಟೆ.

ನವಲಗುಂದದಲ್ಲಿ ಜಮಖಾನ ನೇಯುವ ಹೆಂಗಸೊಬ್ಬರು ಕೂಟದಲ್ಲಿದ್ದರು. ಅವರ ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು ಬಂತು: "ಯಾರು ಯಾರಿಗೆ ಏನ್ ಮಾಡ್ಯಾರ್ರಿ ಅಕ್ಕೋರ? ನನಗ ತಿಳೀಲಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಸಿಟ್ಟಿನಲ್ಲೇ ತಿದ್ದಿದೆ: "ತಪ್ಪು ಮಾಡಿದವರು ಒಪ್ಪಿಕೊಳ್ಳದಿದ್ದರೂ ಕ್ಷಮಿಸಬಹುದೇ?" ಅದೂ ತಿರುಗಿ ಬಂತು: "ಯಾವ ತಪ್ಪರಿ?" ಮೂರನೆಯ ಸಲ ಪೆನ್ನು ಹಿಡಿದಾಗ ಅಳು ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೂರು ವರ್ಷದ ಹಿಂದೆ ಅವ್ವ ಹಾಸಿಗೆ ಹಿಡಿದಾಗ ನಾನು ತಿಳಿಸಿದರೂ ನನ್ನ ತಂಗಿ ಬರಲಿಲ್ಲ. ಮಣ್ಣಾದ ಮೇಲೆ ಬಂದಳು. ಅಂದಿನಿಂದ ಅವಳೊಡನೆ ಮಾತು ಬಿಟ್ಟಿದ್ದೇನೆ. ಅವಳಿಲ್ಲದೆ ಇರಲೂ ಆಗುತ್ತಿಲ್ಲ.

ನೇಯುವ ಹೆಂಗಸು ಕಟ್ಟಳೆಯಂತೆ ನನ್ನ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಬರೆದು ಕಳಿಸಿದರು: "ತಂಗಿ ಯಾಕ ಬರಲಿಲ್ಲ? ನೀವು ಕೇಳೂದು ಇಷ್ಟ, ಹೌದಲ್ರಿ? ಹೌದಂದ್ರ ಇದು ನಮಗ ಕೇಳೂ ಪ್ರಶ್ನಿ ಅಲ್ರಿ."

ಆ ಭಾನುವಾರವೇ ತಂಗಿಯನ್ನು ಕೊಟ್ಟ ಊರು ಬಮ್ಮಿಗಟ್ಟಿಗೆ ಹೋದೆ. ಅವಳು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಸರಿದು ಜಾಗ ಮಾಡಿದಳು. ನಾನೂ ಕೂತು ಸುಲಿಯತೊಡಗಿದೆ. ಸುಲಿಯುತ್ತಲೇ ಕೇಳಿದೆ.

"ಅವ್ವ ಕಡೀಕ ನಿನ್ನ ಹೆಸರ ಹಿಡದ ಕರದ್ಲು. ನೀ ಯಾಕ ಬರ್ಲಿಲ್ಲ?"

ಅವಳು ಒಳಗೆ ಹೋಗಿ ಒಂದು ಅಂಚೆ ಕಾರ್ಡು ತಂದು ನನ್ನ ಕೈಯಲ್ಲಿಟ್ಟಳು. ಅಕ್ಷರ ನನ್ನದೇ. "ಅವ್ವಗೆ ಸ್ವಲ್ಪ ಆರಾಮಿಲ್ಲ. ಗಾಬರಿಯಾಗಬೇಡ. ಸುಗ್ಗಿ ಮುಗಿಸಿಕೊಂಡು ಬಾ."

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಯಾರೂ ನೆಟ್ಟಗೆ ಬರೆಯುವುದಿಲ್ಲ. ಸ್ವಲ್ಪ ಆರಾಮಿಲ್ಲ ಎಂದು ಓದಿದವರು ಉಟ್ಟ ಸೀರೆಯಲ್ಲೇ ಹೊರಟು ಬರಬೇಕು. ನಾನೂ ಹಾಗೆಯೇ ಬರೆದಿದ್ದೆ. ತಂಗಿ ಮಾತ್ರ ಅಕ್ಕ ಬರೆದದ್ದನ್ನು ನಂಬಿದ್ದಳು.

"ಮೊದಲ ಯಾಕ ತೋರಿಸ್ಲಿಲ್ಲ ಬೇ ಇದನ್ನ?" ಎಂದೆ.

"ತೋರಿಸಿದ್ರ ನೀ ಎದಿ ಒಡ್ಕೋತಿದ್ದಿ ಅಕ್ಕಾ. ಸಿಟ್ಟ ಮಾಡ್ಕೊಂಡರ ಇರ್ಲಿ ಅಂತ ಸುಮ್ಮನಾದೆ."

ಇವಳನ್ನು ಕ್ಷಮಿಸಬಹುದೇ ಎಂದು ನಾನು ಊರೂರಿಗೆ ಕೇಳಿದ್ದೆ. ಅವಳ ಶೇಂಗಾ ಧೂಳಿನ ಕೈ ಎರಡನ್ನೂ ಹಿಡಿದುಕೊಂಡು, ತಪ್ಪಾಯಿತು ತಂಗಿ, ಎಂದೆ.