ಕಸದ ಹೊಲದ ಹಕ್ಕರಕಿ

ಬೆಟಗೇರಿಯಲ್ಲಿ ದಿನಾ ಸೇರುವ ಸಂತೆಯ ಮೂಲೆಯಲ್ಲಿ ಸಾವಿತ್ರೆವ್ವ ಪಲ್ಯ, ಸೌತೆಕಾಯಿ ಮಾರಲು ಕುಳಿತು ಇಪ್ಪತ್ತೆರಡು ವರ್ಷವಾಯಿತು. ಎಷ್ಟು ಹೊತ್ತಿಗೆ ನೀರು ಚಿಮುಕಿಸಿದರೆ ನಿನ್ನೆಯ ಪಾಲಕ ಇವತ್ತಿನದಾಗುತ್ತದೆ, ಸಿವುಡಿನ ಹೊಟ್ಟೆಯೊಳಗೆ ಬಲಿತ ದಂಟು ಎಷ್ಟು ಅಡಗಿಸಿದರೆ ಗಿರಾಕಿಗೆ ಮನೆ ಮುಟ್ಟುವ ತನಕ ಗೊತ್ತಾಗುವುದಿಲ್ಲ, ಈ ವಿದ್ಯೆಯಲ್ಲಿ ಆಕೆಯನ್ನು ಮೀರಿಸಿದವರು ಆ ಸಾಲಿನಲ್ಲಿ ಯಾರೂ ಇಲ್ಲ. ದನಿಯೂ ಹಾಗೇ. ಆಕೆ "ಕೊತಂಬ್ರೀ" ಎಂದರೆ ರಸ್ತೆಯ ಮೇಲಿನ ಬಸ್ಸಿನ ಡ್ರೈವರ್ ಹೊರಳಿ ನೋಡುತ್ತಾನೆ.

ಇಂಥವಳ ಎದುರಿಗೆ ಗೌಸಬಿ ಒಂದೇ ಒಂದು ಬುಟ್ಟಿ ಇಟ್ಟುಕೊಂಡು ಬಾಯಿ ಮುಚ್ಚಿ ಕುಳಿತಿರುತ್ತಿದ್ದಳು. ಬುಟ್ಟಿಯಲ್ಲಿ ಹಕ್ಕರಕಿ, ಒಂದಿಷ್ಟು ಗೋಳಿ ಪಲ್ಯ, ಕಿರಕಸಾಲಿ. ಯಾರೂ ಬಿತ್ತದೆ ಹೊಲದ ಸಾಲುಗಳ ನಡುವೆ ತಾವೇ ಹುಟ್ಟುವ ಪಲ್ಯಗಳು. ಒಂಬತ್ತು ಹೊಡೆಯುವುದರೊಳಗೆ ಬುಟ್ಟಿ ಖಾಲಿ. ಗೌಸಬಿ ಅದನ್ನು ಬೋರಲು ಮಾಡಿ, ಎರಡು ಸಲ ಬಡಿದು, ಎದ್ದು ಹೋಗುವಳು. ಆ ಎರಡು ಪೆಟ್ಟೂ ಸಾವಿತ್ರೆವ್ವನ ಎದೆಗೇ ಬೀಳುತ್ತಿದ್ದವು.

"ಇದನ್ನ ನಾವು ದನಕ್ಕ ಹಾಕ್ತಿದ್ವಿ. ಈಗ ಬಂಗಾರ ಆಗೇತಿ ನೋಡು," ಎನ್ನುತ್ತಿದ್ದಳು ಪಕ್ಕದವರಿಗೆ.

ಅದು ಖರೆ. ಹೊಲಕ್ಕೆ ಹೋದ ಹೆಂಗಸರೆಲ್ಲ ಉಡಿ ತುಂಬ ಹಕ್ಕರಕಿ ತರುತ್ತಿದ್ದ ಕಾಲದಲ್ಲಿ ಅದನ್ನು ಕೊಳ್ಳುವವರೇ ಇರಲಿಲ್ಲ. ಆಮೇಲೆ ಕಳೆ ಸುಡುವ ಕಸದ ಎಣ್ಣೆ ಬಂತು. ಜೋಳಕ್ಕೆ ಏನೂ ಆಗದೆ, ಅಗಲ ಎಲೆಯದ್ದೆಲ್ಲ ಒಣಗುವಂಥ ಔಷಧ. ಅದರ ಕಣ್ಣಿಗೆ ಕಸ ಯಾವುದು, ಪಲ್ಯ ಯಾವುದು?

ಸಾವಿತ್ರೆವ್ವನ ನಿಜವಾದ ಹುಣ್ಣು ನಾಗರತ್ನಾಳ ಖಾನಾವಳಿ. ರೊಟ್ಟಿಯ ಜೊತೆ ತಟ್ಟೆಯಲ್ಲಿಡುವ ಹಸಿ ಮೆಂತ್ಯ ಹದಿನೈದು ವರ್ಷ ಆಕೆಯ ಬುಟ್ಟಿಯದೇ. ದೀಪಾವಳಿ ಕಳೆದ ಮೇಲೆ ನಾಗರತ್ನಾ ಗೌಸಬಿಯ ಕಡೆ ಹೊರಳಿದಳು.

"ಸಿಟ್ಟಾಗಬ್ಯಾಡ್ರಿ ಸಾವಿತ್ರಕ್ಕ. ಮಂದಿ ರೊಟ್ಟಿ ಕೈಯಾಗ ಹಿಡಕೊಂಡು ಹಕ್ಕರಕಿ ಎಲ್ಲಿ ಅಂತಾರ. ನೀವು ತಂದ್ರ ನಿಮ್ಮ ಕಡೇನ ತಗೋತೀನಿ."

ಅವತ್ತಿನಿಂದ ಆಕೆಗೆ ಒಂದೇ ಜಪ: ಆ ಹಕ್ಕರಕಿ ಹುಟ್ಟುವ ಜಾಗ ತನ್ನದಾಗಬೇಕು, ಖಾನಾವಳಿ ತಿರುಗಿ ಬರಬೇಕು. ಅಷ್ಟರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತರೆ ಬಾಣಂತಿ ಸೊಸೆ ಅಂಕಿತಾಳ ತಟ್ಟೆಯಲ್ಲೇ ಹಕ್ಕರಕಿ!

"ಎಲ್ಲಿಂದು ಇದು?"

"ಗೌಸಬಿ ಕಾಕು ಕಡೆಯಿಂದ ತರಸೀನ್ರಿ ಅತ್ತಿ. ರಕ್ತ ಕಡಿಮಿ ಐತಿ, ತಪ್ಪಲ ಪಲ್ಯ ತಿನ್ನು ಅಂತ ನರ್ಸಬಾಯಿ ಹೇಳ್ಯಾರ."

"ಮನಿ ತುಂಬ ಪಾಲಕ ಬಿದ್ದೈತೆಲ್ಲ!"

"ಅದು ಗಟಾರ ನೀರಿಂದು, ಮನ್ಯಾಗ ತಿನಬ್ಯಾಡ್ರಿ ಅಂತ ನೀವ ಹೇಳೀರಲ್ರಿ."

ಗೌಸಬಿಯ ಬುಟ್ಟಿ ತನ್ನ ಅಡುಗೆಮನೆಗೂ ಬಂತಲ್ಲ ಎಂದು ಸಾವಿತ್ರೆವ್ವ ಅರ್ಧ ರೊಟ್ಟಿಗೇ ಎದ್ದಳು.

ಮರುದಿನ ಗೌಸಬಿ ಹತ್ತಿದ ಟಂಟಂ ಆಟೋದ ಹಿಂದೆ ಇನ್ನೊಂದು ಟಂಟಂ ಹತ್ತಿ ಕಳಸಾಪುರದ ದಾರಿಯಲ್ಲಿ ಇಳಿದಳು. ಕುಬೇರಪ್ಪ ಎಂಬ ಹಿರಿಯನ ಹೊಲ. ಸುತ್ತಲಿನ ಹೊಲಗಳಲ್ಲಿ ಜೋಳ ಬಿಟ್ಟರೆ ಬರೀ ಕರಿ ಮಣ್ಣು. ಇವನ ಸಾಲುಗಳಲ್ಲಿ ಮಾತ್ರ ಹಸಿರು, ಹಳದಿ ಹೂವು, ಅದರ ಮೇಲೆ ಜೇನುನೊಣ. ಗೌಸಬಿ ಕಸ ಕೀಳುತ್ತಿದ್ದಳು. ಕೂಲಿ ಇಲ್ಲ, ಕಿತ್ತ ಕಸವೇ ಕೂಲಿ. ಜಿಪುಣ ಕುಬೇರಪ್ಪನಿಗೆ ಎಣ್ಣೆಯ ಖರ್ಚು ಉಳಿಯಿತು, ಗೌಸಬಿಗೆ ಬುಟ್ಟಿ ತುಂಬಿತು. ಇಂಥ ಚೊಕ್ಕ ವ್ಯಾಪಾರ ತನಗೆ ಹೊಳೆಯಲಿಲ್ಲವಲ್ಲ ಎಂಬುದೇ ಸಾವಿತ್ರೆವ್ವನಿಗೆ ಉರಿಯ ಮೇಲೆ ಉರಿ. ಗೌಸಬಿ ಹೋಗುವ ತನಕ ಬದುವಿನ ಹಿಂದೆ ಕುಳಿತು, ಆಮೇಲೆ ಎದ್ದು ಕುಬೇರಪ್ಪನ ಮುಂದೆ ಹೋಗಿ ನಿಂತಳು.

"ಅಣ್ಣಾರ, ಈ ಹೊಲಾ ನಿಮ್ದೇನ್ರಿ? ನಾ ಬೀಳ ಬಿಟ್ಟದ್ದು ಅಂತ ತಿಳಕೊಂಡಿದ್ದೆ."

"ಯಾಕವಾ, ಜೋಳ ಕಾಣಸವಲ್ದೇನು?"

"ಕಾಣಸ್ತೈತ್ರಿ, ಕಸದ ನಡುವ. ಬೆಟಗೇರಿ ಸಂತ್ಯಾಗ ಆ ಗೌಸಬಿ ಇದನ್ನ 'ಕುಬೇರಪ್ಪನ ಕಸ' ಅಂತ ಕೂಗಿ ಮಾರತಾಳ್ರಿ. ಮಂದಿ ಬಿದ್ದು ಬಿದ್ದು ನಗತೈತಿ."

ಹೊಲದಲ್ಲಿ ಕಸ ಐತಿ ಎಂದರೆ ಆ ಸೀಮೆಯ ರೈತನಿಗೆ ಧೋತರ ಹರಿದೈತಿ ಎಂದಂತೆ. ಕುಬೇರಪ್ಪನ ಮೀಸೆ ನಡುಗಿತು.

"ನನಗ ಬಿಟ್ಟು ನೋಡ್ರಿ," ಎಂದಳು ಸಾವಿತ್ರೆವ್ವ. "ಹೊಲಾ ಹಸನ ಆಗಬೇಕಷ್ಟ. ಒಂದ ಎಲಿ ಇರಬಾರದು."

"ಆತವಾ. ಹಸನ ಆಗ್ತೈತಿ. ಎಂಟು ದಿನಾ ಬಿಟ್ಟ ಬಾ."

ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದರು. ಹಸನೆಂದರೆ ಆಕೆಗೆ ತನ್ನ ಬುಟ್ಟಿ ತುಂಬುವುದು. ಆತನಿಗೆ ಮೀಸೆ ಉಳಿಯುವುದು.

ಎಂಟನೆಯ ದಿನ ಎರಡು ಖಾಲಿ ಬುಟ್ಟಿ ಹೊತ್ತು ಹೋದರೆ, ಸಾಲುಗಳಲ್ಲಿ ಹಕ್ಕರಕಿ ಸುಟ್ಟ ಹಪ್ಪಳದಂತೆ ಮುರುಟಿ ಬಿದ್ದಿತ್ತು. ಒಂದು ಜೇನುನೊಣವೂ ಇಲ್ಲ.

"ಬಾರವಾ ತಂಗಿ! ಒಂದ ಎಲಿ ಉಳದೈತೇನು, ಹುಡುಕು!" ಕುಬೇರಪ್ಪ ಬದುವಿನ ಮೇಲೆ ನಿಂತು ಎದೆಯುಬ್ಬಿಸಿದ.

"ಕೀಳಾಕ ನನಗ ಬಿಡ್ರಿ ಅಂದಿದ್ದೆನಲ್ರಿ..."

"ನೀ ಹಸನ ಆಗಬೇಕಂದಿ. ಎಣ್ಣಿ ಹೊಡಸಿದೆ, ಒಂದ ಮುಂಜಾನ್ಯಾಗ ಆತು."

ಮೂರು ದಿನ ಗೌಸಬಿ ಸಂತೆಗೆ ಬರಲಿಲ್ಲ. ಹಿಗ್ಗಬೇಕಾಗಿದ್ದ ಸಾವಿತ್ರೆವ್ವನಿಗೆ ಹಿಗ್ಗಲೂ ಪುರುಸೊತ್ತಿಲ್ಲ. ಮನೆಯಲ್ಲಿ ಅಂಕಿತಾ ಕಬ್ಬಿಣಾಂಶದ ಗುಳಿಗೆ ತಿಂದು ಓಕರಿಸುತ್ತ, "ಅತ್ತಿ, ಕಾಕು ಬರಲಿಲ್ಲೇನ್ರಿ?" ಎಂದು ದಿನಾ ಕೇಳುವಳು. ತಾನೇ ತಂದೇನೆಂದು ರವಿವಾರ ಕಳಸಾಪುರದ ದಾರಿಯ ಎರಡೂ ಕಡೆ ಬದು ಬದು ತಿರುಗಿದಳು. ಎಲ್ಲ ಹೊಲಗಳೂ ಹಸನಾಗಿದ್ದವು. ಉಡಿಯಲ್ಲಿ ಕೂಡಿದ್ದು ಒಂದು ತುತ್ತಿನಷ್ಟು.

ಸೋಮವಾರ ಗೌಸಬಿ ಬಂದಳು. ಬುಟ್ಟಿಯ ಮೇಲೆ ಒದ್ದೆ ಅರಿವೆ.

"ಗೌಸಬಿ, ಹಕ್ಕರಕಿ ಎಲ್ಲಿ ಸಿಕ್ತು? ಸೊಸಿಗೆ ಬೇಕಾಗೇತಿ," ಎಂದಳು ಸಾವಿತ್ರೆವ್ವ, ಇಪ್ಪತ್ತೆರಡು ವರ್ಷದಲ್ಲಿ ಇಲ್ಲದ ಮೆತ್ತನೆಯ ದನಿಯಲ್ಲಿ.

"ಎಲ್ಲೂ ಇಲ್ಲಕ್ಕ. ಯಾರೋ ಆ ಅಜ್ಜಗ ಕಸದ ಹೊಲ ಅಂತ ಚುಚ್ಚ್ಯಾರಂತ, ಎಣ್ಣಿ ಹೊಡಸ್ಯಾನ. ಅವರ ಬಾಯಿಗೆ ಏನ ಸಿಕ್ತೋ."

ಸಾವಿತ್ರೆವ್ವ ನಂಬಲಿಲ್ಲ. ಗೊತ್ತಿದ್ದೂ ಹೇಳವಲ್ಲಳು ಎಂದುಕೊಂಡು, ಗೌಸಬಿ ಚಹಾಕ್ಕೆ ಎದ್ದಾಗ ಅರಿವೆ ಸರಿಸಿದಳು. ಸೌತೆಕಾಯಿ. ಬೆನ್ನ ಹಿಂದೆ ನಾಗರತ್ನಾ ಚೀಲ ಹಿಡಿದು ನಿಂತಿದ್ದಳು.

"ಹಕ್ಕರಕಿ ಆಸೆ ಬಿಟ್ಟೀನ್ರಿ. ರೊಟ್ಟಿ ಜೋಡಿ ಇನ್ನ ಸೌತಿಕಾಯಿನ ಹೆಚ್ಚಿ ಇಡೂದು. ಗೌಸಬಿಗೆ ಹೇಳಿದ್ದೆ, ತಂದಾಳೇನು?"

ಸಾವಿತ್ರೆವ್ವ ಒಂದನ್ನು ಎತ್ತಿ ಉಗುರಿನಿಂದ ಗೀರಿದಳು. ಹಾಳಾದ್ದು, ತನ್ನವಕ್ಕಿಂತ ಎಳೆಯದಿತ್ತು.